ಅರ್ಧ ಕುರ್ಚಿ ಹಿಂದೆ

ಸೆಪ್ಟೆಂಬರ್ 9, ಸೋಮವಾರ

ಮತ್ತೆ ರೆಕಾರ್ಡರ್ ಚಾರ್ಜ್ ಆಗಿರಲಿಲ್ಲ. ಮಗಳಿಗೆ ಜಡೆ ಹಾಕುತ್ತಲೇ ಚಾರ್ಜರ್ ಹುಡುಕಿದೆ. ಅವಳದೋ ಅರಳು ಹುರಿದಂಥ ಮಾತು. ಎರಡನೇ ಜಡೆ ಮುಗಿಯುವಷ್ಟರಲ್ಲಿ ಕ್ಲಾಸಿನ ಅಷ್ಟೂ ಜಗಳ ಒಪ್ಪಿಸಿದಳು. ಇವರು ಅವಳಿಗೆ ಚಿನಕುರುಳಿ ಅಂತ ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ಇವತ್ತಿನಿಂದ ಅವಳೂ ನನ್ನ ಪಿಎಚ್‌ಡಿಯ ಒಳಗೆ. ಶಾಲೆಗೆ ಬಂದಿರುವ ಹೊಸ ಹುಡುಗಿಗೆ ಮನೆ ಭಾಷೆ ಬಿಟ್ಟು ಬೇರೇನೂ ಬಾರದು. ಆ ಭಾಷೆ ಬರುವುದು ಇಡೀ ಶಾಲೆಗೆ ಚಿನಕುರುಳಿ ಒಬ್ಬಳಿಗೇ. ಅತ್ತೆಯ ತವರಿನ ಭಾಷೆ ಅದು, ಅಜ್ಜಿಯ ಮಡಿಲಲ್ಲೇ ಕಲಿತಳು. ನನಗೆ 'ಬಾ, ಹೋಗು, ಸಾಕು' ಅಷ್ಟೇ. ಸ್ವಂತ ಮಗಳನ್ನು ಸೇರಿಸಬಹುದೇ ಅಂತ ಗೈಡ್ ಸರ್ ಅವರನ್ನು ಕೇಳಿದ್ದೆ. ಬೇರೆ ಮಗು ಇಲ್ಲದ ಮೇಲೆ ಇನ್ನೇನು ಮಾಡುವುದು, ಸೇರಿಸಿ, ಪ್ರಬಂಧದಲ್ಲಿ ಹೇಳಿಬಿಡಿ ಅಂದರು.

ವಿಧಾನ ನನ್ನದೇ. ಕೋರ್ಟು, ಆಸ್ಪತ್ರೆಗಳಲ್ಲಿ ದುಭಾಷಿಗಳು ಮಾಡುವುದನ್ನೇ ಮಕ್ಕಳಿಗೆ ಒಗ್ಗಿಸಿದ್ದೇನೆ. ಸಹಾಯದ ಮಗು ಹೊಸ ಮಗುವಿನ ಭುಜದ ಹಿಂದೆ, ಅರ್ಧ ಕುರ್ಚಿಯಷ್ಟು ಹಿಂದಕ್ಕೆ ಕೂರಬೇಕು. 'ಅವಳಿಗೆ ಹಸಿವಂತೆ' ಅನ್ನಬಾರದು, 'ನನಗೆ ಹಸಿವು' ಅನ್ನಬೇಕು. ಟೀಚರ್ ಹೊಸ ಮಗುವನ್ನು ಮಾತ್ರ ನೋಡಬೇಕು. ಆಗ ಅದಕ್ಕೆ ತಾನೇ ಮಾತಾಡಿದ ಧೈರ್ಯ ಬರುತ್ತದೆ.

ಕ್ಲಾಸ್ ಟೀಚರ್ ಅಭ್ಯಾಸಬಲದಿಂದ ಚಿನಕುರುಳಿಯ ಮುಖವನ್ನೇ ನೋಡುತ್ತಿದ್ದರು. ಹಿಂದೆ ಕೂತವಳನ್ನು ನೋಡಬೇಡಿ ಅಂತ ಮತ್ತೆ ಮತ್ತೆ ಹೇಳಿದೆ. ಪಾಪ, ಬೇಸರ ಮಾಡಿಕೊಳ್ಳಲಿಲ್ಲ.

ಸೆಪ್ಟೆಂಬರ್ 24

ನಂಬಲಿಕ್ಕಾಗುತ್ತಿಲ್ಲ. ಹೊಸ ಹುಡುಗಿ ಕೈ ಎತ್ತಿದಳು! ಉತ್ತರ ಬಂದದ್ದು ಚಿನಕುರುಳಿಯ ಬಾಯಿಂದ, ಆದರೆ ಕ್ಲಾಸೆಲ್ಲ ತಿರುಗಿದ್ದು ಹೊಸ ಹುಡುಗಿಯ ಕಡೆಗೆ. ಅವಳ ಮುಖ ನೋಡಬೇಕಿತ್ತು. ಅವಳ ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಗೇಟಿನ ಹತ್ತಿರ ನನ್ನ ಎರಡೂ ಕೈ ಹಿಡಿದುಕೊಂಡಳು. ಭಾಷೆಯೇ ಬೇಕಾಗಲಿಲ್ಲ.

ಸಂಜೆ ಬರುವಾಗ ಬೀದಿನಾಯಿ ಕಂಡು ಚಿನಕುರುಳಿ ನನ್ನ ಬೆನ್ನಿಗೆ ಅಂಟಿಕೊಂಡಳು. ಮೊನ್ನೆ ಮೊನ್ನೆಯವರೆಗೆ ಅದೇ ನಾಯಿಗೆ ಬಿಸ್ಕೆಟ್ ಹಾಕುತ್ತಿದ್ದಳು. ಏನಾಯಿತು ಅಂದೆ. "ನಂಗೆ ನಾಯಿ ಅಂದ್ರೆ ಮೊದಲಿಂದಾನೂ ಭಯ" ಅಂದಳು. ನಾಯಿ ಕಂಡರೆ ಹೆದರುವುದು ಆ ಹೊಸ ಹುಡುಗಿ. ಪಾತ್ರದಿಂದ ಹೊರಗೆ ಬಾ ತಾಯಿ, ಸ್ಕೂಲ್ ಬಿಡ್ತು, ಅಂತ ತಮಾಷೆ ಮಾಡಿದೆ. ನಗಲಿಲ್ಲ.

ಅಕ್ಟೋಬರ್ 6, ಭಾನುವಾರ

ಊಟದ ಮೇಜಿಗೆ ಕುರ್ಚಿ ಎಳೆದುಕೊಳ್ಳುವುದೇ ಇಲ್ಲ ಈಗ. ಅಜ್ಜಿಯ ಭುಜದ ಹಿಂದೆ ಕೂರುತ್ತಾಳೆ, ತಟ್ಟೆ ತೊಡೆಯ ಮೇಲೆ. ಎಲ್ಲರಿಗೂ ಕಾಣುವ ಹಾಗೆ ಕೂತ್ಕೊಳ್ಳಮ್ಮ ಅಂತ ಇವರು ಎಷ್ಟು ಸಲ ಹೇಳಿದರೂ ಅಷ್ಟೇ. ನಿಮ್ಮಮ್ಮನಿಗೆ ಸೆಕ್ರೆಟರಿ ಸಿಕ್ಕಳು ಬಿಡಿ ಅಂದೆ. ಇವರು ನಕ್ಕರು. ಅತ್ತೆ ನಗಲಿಲ್ಲ. ಮಂಡಿ ನೋವು ಅಂತ ತಾವು ಬಾಯಿ ಬಿಡುವ ಮುಂಚೆಯೇ ಚಿನಕುರುಳಿ ಹಿಂದಿನಿಂದ 'ನಂಗೆ ಮಂಡಿ ನೋಯ್ತಿದೆ' ಅಂದಳಂತೆ.

ಮಕ್ಕಳು ನೋಡಿ ತಿಳಿದುಕೊಳ್ಳುತ್ತವೆ ಅಂದೆ. ಅತ್ತೆ, ಹಿಂದೆ ಕೂತರೆ ಮಂಡಿ ಎಲ್ಲಿ ಕಾಣುತ್ತೆ ಅಂದರು.

ಅಕ್ಟೋಬರ್ 17, ಮಧ್ಯಾಹ್ನ 3

ಶಾಲೆಯಿಂದ ಮೆಸೇಜು: ನಿಮ್ಮ ಮಗಳು ಈ ವಾರವೆಲ್ಲ ಗೈರುಹಾಜರಿ.

ದಿನಾ ನಾನೇ ಬಿಟ್ಟು ಬಂದಿದ್ದೇನೆ! ಓಡಿದೆ. ಕ್ಲಾಸಿನಲ್ಲೇ ಇದ್ದಳು, ತನ್ನ ಜಾಗದಲ್ಲೇ. ಕ್ಲಾಸ್ ಟೀಚರ್ ಮುಖ ಬಿಳಿಚಿಕೊಂಡಿತು. ಹೊಸ ಹುಡುಗಿಯನ್ನು ದಿಟ್ಟಿಸಿಕೊಂಡೇ ನನ್ನ ಹತ್ತಿರ ಮಾತಾಡಿದರು. "ನೀವೇ ಹೇಳಿದ್ರಲ್ಲ ಮೇಡಂ, ನೋಡಬೇಡಿ ಅಂತ. ಅಭ್ಯಾಸ ಆಗೋಯ್ತು. ಈಗ ನೋಡೋಣ ಅಂದ್ರೂ ಕಣ್ಣು ಅಲ್ಲಿ ನಿಲ್ಲೋದೇ ಇಲ್ಲ."

ಮಧ್ಯಾಹ್ನದ ಊಟವನ್ನೂ ಯಾರೂ ಬಡಿಸಿಲ್ಲ. ಮನೆಗೆ ಬಂದು ನಿಂತುಕೊಂಡೇ ತಿಂದಳು. ನನಗೆ ಅಳು ಬಂತು.

ಅಕ್ಟೋಬರ್ 18

ಜೋಡಿ ಬಿಡಿಸುತ್ತೇನೆ ಅಂದೆ. ಗೈಡ್ ಸರ್ ಸಿಟ್ಟಾಗಲಿಲ್ಲ, ಅದೇ ಕಷ್ಟ. ನವೆಂಬರ್‌ನಲ್ಲಿ ಫೆಲೋಶಿಪ್ ಕಮಿಟಿ ಬರುತ್ತದೆ, ಈಗ ನಡುವೆ ಬದಲಾಯಿಸಿದರೆ ಇಷ್ಟು ದಿನದ ಕೆಲಸ ನೀರಲ್ಲಿ ಹೋಮ, ಆ ಹೊಸ ಮಗುವೂ ಮತ್ತೆ ಮೂಕಿ ಆಗುತ್ತದೆ, ನೋಡಿ ಅಂದರು. ಕಮಿಟಿ ಬಂದು ಹೋಗುವ ತನಕ ಅಂತ ಒಪ್ಪಿಕೊಂಡೆ. ಇವರಿಗೆ ಹೇಳಿಲ್ಲ.

ನವೆಂಬರ್ 7

ರೆಕಾರ್ಡಿಂಗ್ ಬರೆದುಕೊಳ್ಳಲು ಕೂತೆ. ಎರಡು ದನಿ. ಹೊಸ ಹುಡುಗಿಗೆ ಶಾಲೆಯ ಭಾಷೆ ಬಂದುಬಿಟ್ಟಿದೆ—ಅದೇ ಓಟ, ನಡುವೆ ಅದೇ ಉಸಿರು, ಅರಳು ಹುರಿದ ಹಾಗೆ. ಎಷ್ಟು ಕೇಳಿದರೂ ಮಗಳ ದನಿ ಯಾವುದು ಅಂತ ಗೊತ್ತಾಗಲಿಲ್ಲ. ಹೆತ್ತ ತಾಯಿಗೆ.

ಕೊನೆಗೆ ಅವಳನ್ನೇ ಕರೆದು ಹೆಡ್‌ಫೋನ್ ಹಾಕಿದೆ. ಗಮನವಿಟ್ಟು ಕೇಳಿದಳು. ಯಾವುದು ನೀನು ಅಂದೆ. ಎರಡಕ್ಕೂ ತಲೆ ಅಲ್ಲಾಡಿಸಿದಳು. ಎರಡೂ ಅಲ್ಲವಂತೆ.

ನವೆಂಬರ್ 21, ಗುರುವಾರ

ಕಮಿಟಿ. ನಾಲ್ಕು ಜನ, ಕಾಫಿ, ಫೈಲು. ನಿನ್ನ ಬಗ್ಗೆ ಏನಾದರೂ ಹೇಳು ಮರಿ ಅಂದರು ಅಧ್ಯಕ್ಷರು. ಹೊಸ ಹುಡುಗಿ ಎದ್ದು ನಿಂತು ಹೇಳಿದಳು: ಉಯ್ಯಾಲೆಯಿಂದ ಬಿದ್ದದ್ದು, ಗಲ್ಲಕ್ಕೆ ಹೊಲಿಗೆ ಹಾಕಿದ್ದು, ಅಪ್ಪನ ಬಿಳಿ ಅಂಗಿಯ ತುಂಬ ರಕ್ತ, ಅಮ್ಮ ಡಾಕ್ಟರ ಜೊತೆ ಜಗಳ ಆಡಿದ್ದು.

ಜಗಳ ಆಡಿದವಳು ನಾನು. ಆ ಅಂಗಿ ಇವರದು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೈ ನಿಂತ ಮೇಲೆ ಹೊಳೆಯಿತು, ಇಷ್ಟು ಹೊತ್ತೂ ನಾನು ಹೊಸ ಹುಡುಗಿಯನ್ನೇ ನೋಡುತ್ತಿದ್ದೆ, ಮಗಳ ಕಡೆ ಒಂದು ಸಲವೂ ನೋಡಿಲ್ಲ. ಕಷ್ಟಪಟ್ಟು ತಿರುಗಿದೆ. ಟೀಚರ್ ಹೇಳಿದ್ದು ನಿಜ. ಕಣ್ಣು ಜಾರುತ್ತದೆ.

ಅದೇ ದಿನ, ಸಂಜೆ

ಎದುರಿಗೆ ಕೂರಿಸಿಕೊಂಡೆ. ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಕಣ್ಣು ಜಾರದಿರಲಿ ಅಂತ. ನಿನಗೆ ಏನು ಬೇಕು ಹೇಳು ಪುಟ್ಟಾ ಅಂದೆ. ಯಾರದೋ ಮಾತಿಗೆ ಕಾಯುವವಳ ಹಾಗೆ ಕಿವಿಗೊಟ್ಟಳು. ಆಮೇಲೆ ಸಮಾಧಾನ ಹೇಳುವವಳ ಹಾಗೆ ಮೆಲ್ಲಗೆ:

"ತಡಿಯಮ್ಮಾ. ಅವಳಿನ್ನೂ ಏನೂ ಹೇಳಿಲ್ಲ."

ನವೆಂಬರ್ 28

ಶಾಲೆ ಬಿಡಿಸಿ ವಾರವಾಯಿತು. ಮಗಳ ಬಾಯಲ್ಲಿ ಮಾತೇ ಇಲ್ಲ. ಇವರಿಗೆ ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ, ಮಗಳ ಚಪ್ಪಲಿ ಹಿಡಿದುಕೊಂಡು ಹೊಸಿಲಲ್ಲೇ ಕೂತುಬಿಟ್ಟರು. ಡಾಕ್ಟರು ಕಿವಿ, ಗಂಟಲು ಎಲ್ಲ ಚೆನ್ನಾಗಿದೆ ಅಂದರು, ಗೋಡೆಯ ಕಡೆ ನೋಡಿಕೊಂಡು. ಹೊಸ ಹುಡುಗಿ ಜೋಡಿ ಇಲ್ಲದೆಯೇ ಚೆನ್ನಾಗಿ ಓದುತ್ತಿದ್ದಾಳಂತೆ. ಕ್ಲಾಸಿಗೇ ಅವಳಷ್ಟು ಮಾತಾಡುವವರು ಇಲ್ಲವಂತೆ.

ಇವತ್ತು ಕಮಿಟಿಯ ಮೇಲ್ ಬಂತು. ಇನ್ನೂ ಮೂರು ವರ್ಷ ಫೆಲೋಶಿಪ್. ಬೇರೆ ಶಾಲೆಗಳಿಗೂ ವಿಸ್ತರಿಸಬೇಕು. ಷರತ್ತು ಒಂದೇ, ವಿಧಾನ ಬದಲಾಗಬಾರದು. ಬೇಡ ಅಂತ ಬರಿ, ಇನ್ನೊಬ್ಬರ ಮಗು ಹೀಗಾಗೋದು ಬೇಡ, ಅಂದರು ಇವರು. ಬರೆಯುತ್ತೇನೆ ಅಂದೆ.

ಡಿಸೆಂಬರ್ 1, ಭಾನುವಾರ, ಬೆಳಿಗ್ಗೆ 11

ಬೇಡ ಅನ್ನುವ ಮೇಲ್ ಟೈಪ್ ಮಾಡಿ ಎದುರಿಗಿಟ್ಟುಕೊಂಡು ಕೂತಿದ್ದೆ. ಹಿಂದೆ ಕುರ್ಚಿ ಎಳೆದ ಸದ್ದು. ಮಗಳು! ಎಷ್ಟು ದಿನಕ್ಕೆ ತಾನಾಗಿ ಹತ್ತಿರ ಬಂದಳು. ಅವಳ ಉಸಿರು ನನ್ನ ಭುಜಕ್ಕೆ ತಾಗುತ್ತಿತ್ತು. ಎಲ್ಲಿ ಎದ್ದು ಹೋಗುತ್ತಾಳೋ ಅಂತ ಅಲುಗಾಡಲೂ ಇಲ್ಲ.

ಇವರು ಬಂದು ಎದುರಿಗೆ ನಿಂತು, ಕಳಿಸಿದೆಯಾ ಅಂದರು. ಈಗ ಕಳಿಸ್ತೀನಿ ರೀ, ಅನ್ನಬೇಕೆಂದು ಬಾಯಿ ತೆರೆದೆ.

"ಇಲ್ಲ. ನಂಗೆ ಬಿಡೋಕೆ ಮನಸ್ಸಿಲ್ಲ."

ಹಿಂದಿನಿಂದ. ಸ್ಪಷ್ಟವಾಗಿ. ವಾರದ ಮೇಲೆ ಮಗಳು ಆಡಿದ ಮೊದಲ ಮಾತು. ಇವರು ಅವಳ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡಿದರು. ನೀನು ಹೀಗೆ ಹೇಳ್ತೀಯ ಅಂತ ನಂಗೊತ್ತಿತ್ತು ಅಂತ ನನಗೇ ಹೇಳಿ, ಅತ್ತೆಯ ಕೋಣೆಗೆ ಹೋದರು.

ಅದು ನಾನು ಆಡಿದ್ದಲ್ಲ ಅಂತ ಕೂಗಿ ಹೇಳಬೇಕು. ಆದರೆ ಆ ಮಾತು ಯಾರದು? ಅವಳದಂತೂ ಅಲ್ಲ.

ಮೇಲ್ ಇನ್ನೂ ಹಾಗೇ ಇದೆ. ಕಳಿಸಿಬಿಡುತ್ತೇನೆ. ಅವಳು ಇಲ್ಲೇ ಕೂತಿದ್ದಾಳೆ, ಅರ್ಧ ಕುರ್ಚಿ ಹಿಂದೆ. ಬರೆಯುವುದನ್ನು ನೋಡುತ್ತಿಲ್ಲ, ಸ್ಕ್ರೀನಿನಲ್ಲಿ ಮೂಡಿದ ಅವಳ ಮುಖ ಕಿಟಕಿಯ ಕಡೆಗಿದೆ. ತಿರುಗಿ ನೋಡಬೇಕು ಅವಳನ್ನು. ತಿರುಗುತ್ತೇನೆ. ಆದರೆ ನಾನು ಮುಂದೆ ಏನು ಬರೆಯಬೇಕು ಅಂದುಕೊಂಡಿದ್ದೇನೋ ಅದನ್ನು, ಬರೆಯುವ ಮೊದಲೇ, ಹಿಂದಿನಿಂದ ಅವಳು ಮೆಲ್ಲಗೆ