ಕಲ್ಲುಕೋರೆಯ ಮಹಜರು

ಮಾರ್ಚ್ ೪, ಸೋಮವಾರ
ಬೆಳಿಗ್ಗೆಯಿಂದ ಪಹಣಿ ತಿದ್ದುಪಡಿ. ಊಟಕ್ಕೆ ಏಳುವಾಗ ತಹಶೀಲ್ದಾರರ ಫೋನ್. "ಭವ್ಯಶ್ರೀ, ನಾಡಿದ್ದು ಹಿರಿಯಡ್ಕದ ಕಲ್ಲುಕೋರೆಯಲ್ಲಿ ಹೂತ ಶವ ತೆಗೆಯಲಿಕ್ಕುಂಟು. ಮಹಜರು ನೀವೇ ಬರೆಯಬೇಕು."
ಸತ್ತವನು ಮುತ್ತುರಾಜ, ಬಾಗಲಕೋಟೆ ಕಡೆಯ ಕೂಲಿ. ಎರಡು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಎಂದು ಹೇಳಿ ಕಂಟ್ರಾಕ್ಟರ್ ಅವಸರದಲ್ಲಿ ಹೂಳಿಸಿದ್ದ. ಹೆಂಡತಿ ರತ್ನವ್ವ ನಂಬಲಿಲ್ಲ, ದೂರು ಕೊಟ್ಟಳು.
ಹೆಣ ನೋಡಿ ಅಭ್ಯಾಸವಿಲ್ಲ ನನಗೆ.

ಮಾರ್ಚ್ ೫
ಹೇಳಿಕೆ ಕೊಡಲು ರತ್ನವ್ವ ಆಫೀಸಿಗೆ ಬಂದಿದ್ದಳು. ಸಹಿ ಹಾಕಿ ಎದ್ದವಳು ಮತ್ತೆ ಕುಳಿತಳು.
"ದಿನಾ ಕನಸಿನ್ಯಾಗ ಬರ್ತಾನ್ರೀ ಮೇಡಂ. ಮಾರಿ ತುಂಬ ಮಣ್ಣು. ತುಳುದಾಗ ಮಾತಾಡ್ತಾನ. ನಮ್ಮವಂಗ ತುಳು ಬರ್ತಿದ್ದಿಲ್ರೀ."
"ಎಂತ ಹೇಳುವುದು?"
ಅರ್ಥ ಗೊತ್ತಿಲ್ಲದೆ, ಕನಸಿನಲ್ಲಿ ಕೇಳಿದಂತೆಯೇ ತಡೆತಡೆದು ಒಪ್ಪಿಸಿದಳು — "ಯಾನತ್ತ್. ಆಯೆ ತಿರ್ತ್ ಉಲ್ಲೆ."
ನಾನಲ್ಲ. ಅವನು ಕೆಳಗಿದ್ದಾನೆ.
ಅರ್ಥ ಬಿಡಿಸಿ ಹೇಳಲು ಧೈರ್ಯ ಬರಲಿಲ್ಲ.

ಮಾರ್ಚ್ ೬, ಮಧ್ಯಾಹ್ನ ೧೨.೪೦
ಜೀಪಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಮೂರು ಅಡಿಗೇ ಸಿಕ್ಕಿತು. ಮಣಿಪಾಲದ ಡಾಕ್ಟರ್ ಜೆನಿಫರ್ ಎಡಗಾಲು ನೋಡಿದರು. ಮುತ್ತುರಾಜನ ಆ ಕಾಲು ಹಿಂದೊಮ್ಮೆ ಮುರಿದಾಗ ಮೂಳೆಗೆ ಸ್ಟೀಲ್ ರಾಡ್ ಹಾಕಿದ್ದರು.
"ರಾಡ್ ಇಲ್ಲ. ಇದು ಬೇರೆ ಯಾರೋ."
ತಹಶೀಲ್ದಾರರು ಬೆವರು ಒರೆಸಿಕೊಂಡರು. "ಆರ್ಡರ್ ಇರುವುದು ಒಂದು ಶವಕ್ಕೆ. ಇದನ್ನು ಕಳಿಸಿ ಗುಂಡಿ ಮುಚ್ಚುವ."
ಬಾಯಿಂದ ಬಂದೇ ಬಿಟ್ಟಿತು — "ಇನ್ನೂ ಕೆಳಗೆ ಅಗೆಸಿ ಸರ್."
"ನಿಮಗೆ ಹೇಗೆ ಗೊತ್ತು?"
ಕನಸಿನ ಮಾತು ಎಂದು ಹೇಳುವ ಹಾಗಿಲ್ಲ. "ಮುಚ್ಚಿದರೆ ಮಹಜರಿಗೆ ನಾನು ಸಹಿ ಹಾಕುವುದಿಲ್ಲ" ಎಂದೆ. ಕೆಲಸ ಹೋದರೂ ಹೋದೀತು.
ಮತ್ತೆ ಹಾರೆಯ ಸದ್ದು...

೧.೨೫
ಮತ್ತೂ ಒಂದೂವರೆ ಅಡಿ ಕೆಳಗೆ ಇನ್ನೊಂದು ಶವ. ಎಡಗಾಲಲ್ಲಿ ರಾಡ್. ತಲೆಬುರುಡೆ ಹಿಂದಿನಿಂದ ಒಡೆದಿದೆ.
ರತ್ನವ್ವ ಅಳಲಿಲ್ಲ. ಸೆರಗಿನಿಂದ ರಾಡಿನ ಮಣ್ಣು ಒರೆಸಲು ಹೋದಳು. ಪೊಲೀಸರು ತಡೆದರು.

ಮಾರ್ಚ್ ೧೯
ಕಂಟ್ರಾಕ್ಟರ್ ಕಾರ್ಕಳದಲ್ಲಿ ಸಿಕ್ಕಿಬಿದ್ದ. ಒಪ್ಪಿಕೊಂಡನಂತೆ. ಜಗಳದಲ್ಲಿ ಮುತ್ತುರಾಜನನ್ನು ಹೊಡೆದು ಕೊಂದ. ನೋಡಿದವನು ಟಿಪ್ಪರ್ ಡ್ರೈವರ್ ಮುದ್ದಣ್ಣ, ಎರ್ಮಾಳಿನ ತುಳುವ. ಸ್ಟೇಷನ್ನಿಗೆ ಹೋಗುತ್ತೇನೆ ಎಂದನಂತೆ. ವಾರದೊಳಗೆ ಅವನನ್ನೂ ಅದೇ ಗುಂಡಿಗೆ ಹಾಕಿದ — ಮೇಲೆ.
ಹಾಗಾದರೆ ರತ್ನವ್ವನ ಕನಸಿಗೆ ಬರುತ್ತಿದ್ದದ್ದು ಗಂಡನಲ್ಲ.

ಮಾರ್ಚ್ ೨೧, ಸಂಜೆ
ಶವಾಗಾರದ ಹೊರಗೆ ಮುದ್ದಣ್ಣನ ತಂಗಿ, ಬೇಬಿಯಕ್ಕ. ರತ್ನವ್ವ ಪಕ್ಕದಲ್ಲಿ ಕುಳಿತು ಕನಸಿನ ಆ ತುಳು ಮಾತು ಹೇಳಿದಳು. ಒಂದೊಂದು ಶಬ್ದದ ಮೊದಲ ಅಕ್ಷರಕ್ಕೂ ತಡೆಯುತ್ತಾ.
ಬೇಬಿಯಕ್ಕ ಅವಳ ಕೈ ಹಿಡಿದಳು. "ಅಣ್ಣ ಮಾತಾಡುವುದು ಹೀಗೇ, ತೊದಲಿಕೊಂಡು. ಸಣ್ಣದರಿಂದಲೂ ಹೀಗೇ. ಮತ್ತೆ ಎಂತ ಹೇಳಿದ? ನನಗೆ ಎಂತಾದರೂ?"
ರತ್ನವ್ವ ತಲೆ ತಗ್ಗಿಸಿದಳು. ಹೆಣ ತೆಗೆದ ದಿನದಿಂದ ಕನಸೇ ಇಲ್ಲವಂತೆ.
ನೋಡಲಾಗಲಿಲ್ಲ. "ಹೇಳಿದ್ದಾನೆ" ಎಂದು ನಾನೇ ತುಳುವಿನಲ್ಲಿ ಶುರು ಮಾಡಿದೆ. ಮೊದಲೆರಡು ಮಾತು ಶುದ್ಧ ಸುಳ್ಳು, ಸಮಾಧಾನಕ್ಕೆ. ಮೂರನೆಯದು ನಾನು ಯೋಚಿಸಿದ್ದಲ್ಲ. ನಾಲಗೆ ತಾನಾಗಿ ಹೊರಳಿತು — ಬೇ... ಬೇಬಿ,