ಸೋಮವಾರ ಸರಿಮಾಡುತ್ತೇನೆ ಎಂದವರಿಗೆ

ಗಾಳಿಕೊಪ್ಪ, ಕಪ್ಪತಗುಡ್ಡದ ಕೆಳಗೆ
ಏಳಿಕೆ ಶಕೆ ಸೊನ್ನೆ, ಮೂರನೆಯ ದಿನ, ಬುಧವಾರ

ಹೆಸರು ತಿಳಿಯದ ಹಿರಿಯರೇ,

ಈ ಪತ್ರ ಬರೆಯುತ್ತಿರುವವಳು ಹುಟ್ಟಲು ಇನ್ನೂ ಎಂಬತ್ತು ವರ್ಷಗಳಿವೆ. ಇದು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮೂರು ದಿನಗಳಿಂದ ನಮಗೂ ಹಾಗೆಯೇ ಅನ್ನಿಸುತ್ತಿದೆ. ನನ್ನ ಮಾತು ಒರಟಾಗಿದ್ದರೆ ಅದನ್ನೂ ಕ್ಷಮಿಸಿ. ನಾನು ಶಾಲೆಯಲ್ಲಿ ಬಹಳ ಕೂತವಳಲ್ಲ. ನಮ್ಮೂರಿನ ಗಿರಣಿಯಲ್ಲಿ ಹಿಟ್ಟಿನ ಚೀಲಗಳ ಪಕ್ಕಕ್ಕೆ ಜೋಡಿಸಿಟ್ಟು ಮಾರುವ ಕರಪತ್ರಗಳನ್ನು ಓದಿ ಬೆಳೆದವಳು. ಅವು ನಿಮ್ಮ ಕಾಲದವರೇ ಬರೆದು, ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟುಹೋದ ಕೈಪಿಡಿಗಳು. ಆ ಉದಾರತೆಗೆ ನನ್ನ ನಮಸ್ಕಾರ. ಇನ್ನು ಮುಂದೆ ಬರುವುದೆಲ್ಲ ಜಗಳ.

ನೀವು ಸರ್ವರ್ ಎನ್ನುತ್ತಿದ್ದ ಯಂತ್ರವನ್ನು ನಾವು ಕಣಜ ಎನ್ನುತ್ತೇವೆ. ನಮ್ಮ ಕಣಜ ಇರುವುದು ಹಗೇವಿನಲ್ಲಿ, ಅಂದರೆ ಹಿಂದಿನವರು ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿಯಲ್ಲಿ. ಬೇಸಿಗೆಯಲ್ಲೂ ಅಲ್ಲಿ ತಂಪು. ಗುಡ್ಡದ ಮೇಲಿನ ಗಾಳಿಯಂತ್ರಗಳಿಂದ ಅದಕ್ಕೆ ಕರೆಂಟು. ಯಾವ ಓಣಿಗೆ ಯಾವಾಗ ನೀರು ಬಿಡಬೇಕು ಎಂಬುದನ್ನು ಕಣಜವೇ ನೆನಪಿಟ್ಟುಕೊಂಡು ಕೆರೆಯ ತೂಬು ತೆರೆಯುತ್ತದೆ. ಅದು ಮರೆತರೆ ಊರು ಬಾಯಾರುತ್ತದೆ. ಮೊದಲು ಅದನ್ನು ನಡೆಸಿದವರು ನೀವು. ಹೋಗುವಾಗ, ಕಣಜ ಕೆಟ್ಟರೆ ಇರಲಿ ಎಂದು ಅದರ ನೆನಪಿನ ನಕಲು ತೆಗೆಯುವ ಆಜ್ಞೆಗಳ ಕಡತದಲ್ಲಿ ಒಂದು ಸಾಲು ಬರೆದಿಟ್ಟಿರಿ: ‘ಸದ್ಯಕ್ಕೆ ಹೀಗಿರಲಿ. ಸೋಮವಾರ ಸರಿಮಾಡುತ್ತೇನೆ.’ ಹೆಸರು ಹಾಕಲಿಲ್ಲ, ಅಂಚೆವಿಳಾಸ ಮಾತ್ರ ಹಾಕಿದಿರಿ. ಈ ಪತ್ರ ಆ ವಿಳಾಸಕ್ಕೇ ಬರುತ್ತಿದೆ. ನಮ್ಮ ಗಡಿಯಾರ ಸೊನ್ನೆಯಲ್ಲಿರುವಷ್ಟು ದಿನ (ಅದರ ಕತೆ ಮುಂದಿದೆ) ಹಿಂದಿನ ಕಾಲದ ವಿಳಾಸಗಳಿಗೂ ಅಂಚೆ ಹೋಗುತ್ತದೆ ಎಂದು ಒಂದು ಕರಪತ್ರದಲ್ಲಿ ಓದಿದ್ದೇನೆ. ಅದು ಸುಳ್ಳಾದರೆ ನನ್ನ ಜಗಳ ಗಾಳಿಗೆ ಹೋಯಿತು, ನಮ್ಮೂರಿನಲ್ಲಿ ಗಾಳಿಗೂ ಉಪಯೋಗವಿದೆ.

ಆ ಸಾಲಿಗೆ ಏನಾಯಿತೆಂದು ತಿಳಿದರೆ ನೀವು ನಾಚುತ್ತೀರಿ. ಅದನ್ನು ಊರಬಾಗಿಲ ಕಮಾನಿನ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಮದುವೆಯಲ್ಲಿ ಗಂಡುಹೆಣ್ಣು ಅದನ್ನು ಹೇಳಿ ಅಕ್ಕಿಕಾಳು ಹಾಕಿಸಿಕೊಳ್ಳುತ್ತಾರೆ. ಪ್ರತಿ ಸೋಮವಾರ ಹಗೇವಿನ ಬಾಯಿಯ ಹತ್ತಿರ ನಿಮಗೆಂದು ಒಂದು ಕುರ್ಚಿ ಒರಸಿ ಇಡುತ್ತಾರೆ, ಪಕ್ಕದಲ್ಲಿ ಒಂದು ತಂಬಿಗೆ ನೀರು. ಸಂಜೆ ಕುರ್ಚಿ ಒಳಗೆ ಹೋಗುತ್ತದೆ. ಅದರ ಮೇಲೆ ಈ ತನಕ ಯಾರೂ ಕೂತಿರಲಿಲ್ಲ.

ಎರಡನೆಯ ವಿಷಯ ನಮ್ಮ ಶಕೆ. ನಿಮ್ಮ ಕಾಲದ ಸರ್ವರ್ ಪಾಲಕರು ‘ನನ್ನ ಯಂತ್ರ ಇಷ್ಟು ದಿನದಿಂದ ಒಮ್ಮೆಯೂ ನಿಂತಿಲ್ಲ’ ಎಂದು ಒಬ್ಬರಿಗೊಬ್ಬರು ಮೀಸೆ ತಿರುವುತ್ತಿದ್ದರಂತೆ. ನೀವು ಅದನ್ನು ಹರಟೆಗೆ ಹೇಳಿದಿರಿ, ನಾವು ಅದನ್ನು ಪಂಚಾಂಗ ಮಾಡಿಕೊಂಡೆವು. ಕಣಜ ಕೊನೆಯ ಸಲ ಎದ್ದ ದಿನವೇ ನಮ್ಮ ಕಾಲದ ಮೊದಲ ದಿನ. ಅಲ್ಲಿಂದ ಎಣಿಸಿ ವರ್ಷವನ್ನೂ ಊರಿನವರ ವಯಸ್ಸನ್ನೂ ಅದೇ ಊರಹಲಗೆಯ ಮೇಲೆ ತೋರಿಸುತ್ತದೆ. ಕಳೆದ ವಾರದ ತನಕ ಏಳಿಕೆ ಶಕೆ ತೊಂಬತ್ತೊಂಬತ್ತು ನಡೆಯುತ್ತಿತ್ತು. ಫ್ಯಾನು, ತಂತಿ, ಕರೆಂಟಿನ ಪೆಟ್ಟಿಗೆ, ಎಲ್ಲವನ್ನೂ ಓಡುತ್ತಿರುವಾಗಲೇ ಬದಲಿಸಿದ್ದಾರೆ. ಉಸಿರು ಮಾತ್ರ ನಿಲ್ಲಿಸಿರಲಿಲ್ಲ. ನೂರು ತುಂಬುವ ದಿನಕ್ಕೆ ಹಗೇವಿನ ಪಾಲಕರಾದ ಅಡಿವೆಪ್ಪಜ್ಜನಿಗೆ ಕೆಂಪು ರುಮಾಲು ನೇಯಿಸಿ ಇಟ್ಟಿದ್ದರು. ಅವರ ತಂದೆ, ತಂದೆಯ ತಂದೆ ಇಬ್ಬರೂ ಅದೇ ಹಗೇವು ಕಾದವರು. ನೂರನ್ನು ನೋಡುವುದು ಮೂರನೆಯವರ ಪಾಲಿಗೆ ಬಂದಿತ್ತು.

ನಾನು ಅಜ್ಜನ ಕೈಕೆಳಗೆ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಸ್ಮಾರ್ಟ್‌ಕಂಟ್ರೋಲ್ ಎಂಬ ನಿಮ್ಮ ಕಾಲದ ಸಲಕರಣೆ ಇದೆಯಲ್ಲ, ಕಣಜದ ನೆನಪೆಲ್ಲ ಕೂತಿರುವ ಡಿಸ್ಕಿನ ನಾಡಿ ಹಿಡಿದು ನೋಡುವುದು, ಪುಕ್ಕಟೆ ಸಿಗುವುದು, ಅದನ್ನು ನಮ್ಮಲ್ಲಿ ಯಾರೂ ಓಡಿಸಿರಲಿಲ್ಲ. ನಾಡಿ ನೋಡಿದರೆ ರೋಗ ಬರುತ್ತದೆ ಎಂಬುದು ಹಗೇವಿನ ವೈದ್ಯಶಾಸ್ತ್ರ. ನಾನು ಓಡಿಸಿದೆ. ಡಿಸ್ಕು ಸಾಯುತ್ತಿತ್ತು. ಇಷ್ಟು ವರ್ಷ ಬದಲಿಸದೆ ಉಳಿದ ಭಾಗ ಅದೊಂದೇ, ಕಣಜವನ್ನು ನಿಲ್ಲಿಸದೆ ಅದನ್ನು ಬದಲಿಸುವ ದಾರಿ ಇರಲಿಲ್ಲ.

ನಕಲು ಇದೆಯಲ್ಲ ಎಂದು ಎಲ್ಲರೂ ಹೇಳಿದರು. ಹೌದು, ಹಗೇವಿನ ಗೂಡಿನಲ್ಲಿ ನಕಲಿನ ಪೆಟ್ಟಿಗೆ ಇದೆ. ಪ್ರತಿ ಮಹಾನವಮಿಗೆ ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತಾರೆ. ತೆರೆದು ನೋಡಿದವರಿಲ್ಲ. ನಾನು ಕುಂಕುಮ ಕೆರೆದು ತಂತಿ ಚುಚ್ಚಿ ನೋಡಿದೆ. ಒಳಗೆ ಏನೂ ಇರಲಿಲ್ಲ. ಖಾಲಿ ಎಂದರೆ ಅಂಗಡಿಯಿಂದ ಬಂದಷ್ಟೇ ಖಾಲಿ.

ಆಗ ನಿಮ್ಮ ಸಾಲು ನನಗೆ ಅರ್ಥವಾಯಿತು. ನಕಲನ್ನು ನೀವು ‘ಸದ್ಯಕ್ಕೆ’ ಅದೇ ಡಿಸ್ಕಿನ ಇನ್ನೊಂದು ಮೂಲೆಗೆ ಬರೆಯಿಸಿದ್ದಿರಿ. ಸೋಮವಾರ ಬಂದು ಹೊರಗಿನ ಪೆಟ್ಟಿಗೆಗೆ ತಿರುಗಿಸುವವರಿದ್ದಿರಿ. ಮನೆಗೆ ಬೆಂಕಿ ಬಿದ್ದರೆ ಇರಲಿ ಎಂದು ಮನೆಪತ್ರದ ಎರಡನೆಯ ಪ್ರತಿಯನ್ನು ಅದೇ ಮನೆಯ ಅಟ್ಟದಲ್ಲಿಟ್ಟ ಹಾಗೆ. ಆ ಮೂಲೆಯೂ ತುಂಬಿಹೋಗಿ, ‘ಜಾಗವಿಲ್ಲ, ನಕಲು ಆಗಲಿಲ್ಲ’ ಎಂದು ಕ್ರಾನ್, ಅಂದರೆ ಹೊತ್ತುಹೊತ್ತಿಗೆ ಕೆಲಸ ಮಾಡಿಸುವ ನಿಮ್ಮ ಆ ನಿಷ್ಠಾವಂತ ಆಳು, ದಿನವೂ ಯಜಮಾನನಿಗೆ ಓಲೆ ಬರೆಯುತ್ತಲೇ ಇತ್ತು. ಯಜಮಾನ ಎಂದರೆ ನೀವು ರೂಟ್ ಎನ್ನುವ ಸರ್ವಾಧಿಕಾರಿ. ನಾವು ಬೇರಪ್ಪ ಎನ್ನುತ್ತೇವೆ. ಬೇರಪ್ಪನಿಗೆ ಬಂದ ಅಂಚೆಯನ್ನು ಮನುಷ್ಯರು ಓದಬಾರದು ಎಂಬುದು ನಮ್ಮ ಮಡಿ. ಹಿರಿಯರೇ, ಕ್ರಾನ್ ಬರೆದ ಅಂಚೆಯನ್ನು ಓದಿ. ಅದನ್ನು ಜೀವಂತ ಮನುಷ್ಯನ ಪೆಟ್ಟಿಗೆಗೆ ಬರುವಂತೆ ತಿರುಗಿಸಿ. ದೇವರು ಅಂಚೆ ನೋಡುವುದಿಲ್ಲ.

ಊರಸಭೆ ಸೇರಿತು. ಬೀಗದವರ ಪ್ರತಿನಿಧಿಯೂ ಬಂದಿದ್ದ. ಬೀಗದವರೆಂದರೆ ಒಳಗೇನಿದೆ ಎಂದು ತೋರಿಸದ ಯಂತ್ರಗಳನ್ನು ಊರೂರಿಗೆ ಬಾಡಿಗೆಗೆ ಕೊಡುವ ಮಂದಿ. ಇಸ್ತ್ರಿ ಮಾಡಿದ ನಗುವಿನವ. ಕಣಜವನ್ನು ನಮಗೆ ಒಪ್ಪಿಸಿ, ಅದು ಎಷ್ಟು ಸಲ ನಿಂತು ಎದ್ದರೂ ಊರಹಲಗೆಯ ಮೇಲೆ ನೂರು, ನೂರೊಂದು ಎಂದು ಅಂಕಿ ಏರುತ್ತಲೇ ಇರುವಂತೆ ನೋಡಿಕೊಳ್ಳುತ್ತೇವೆ ಎಂದ. ಆ ಅಂಕಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅದು ನಮ್ಮ ಗುಟ್ಟು ಎಂದ. ಊರಿನ ಅರ್ಧ ಜನ ಹೌದೆಂದು ತಲೆಯಾಡಿಸಿದರು. ನಮ್ಮ ಕಣಜದ ಒಂದೊಂದು ಆಜ್ಞೆಯನ್ನೂ ಊರಿನ ಯಾವ ಮಗು ಬೇಕಾದರೂ ತೆರೆದು ಓದಬಹುದು. ಇದೊಂದೇ ನಮ್ಮ ಆಸ್ತಿ. ಅದನ್ನು ಕೊಟ್ಟು ಒಂದು ಸುಳ್ಳು ಅಂಕಿ ಕೊಳ್ಳುವುದೇ? ನಾನು ನಾಲ್ಕು ಕರಪತ್ರಗಳಷ್ಟು ಮಾತಾಡಿದೆ. ಯಾರೋ ಆಕಳಿಸಿದರು.

ಅಡಿವೆಪ್ಪಜ್ಜ ಎದ್ದು ನಿಂತರು. “ಓಡೂ ಎತ್ತಿನ ಹಗ್ಗ ನಡುದಾರ್ಯಾಗ ಯಾರರೆ ಬಿಚ್ಚತಾರೇನವಾ ನೀಲವ್ವಾ?”

“ಎತ್ತು ಓಡಾಕತ್ತಿಲ್ಲಜ್ಜ, ನಿಂತಲ್ಲೇ ನಡಗಾಕತ್ತೈತಿ,” ಎಂದೆ. “ಹಗೇವು ತೆಗದಾಗ ಒಳಗ ಮೊದಲ ಯಾರನ್ನ ಇಳಸ್ತೀರಿ?”

“ಯಾರನ್ನೂ ಇಲ್ಲ. ಮೊದಲ ದೀಪ ಇಳಸ್ತೀವಿ. ಆರಿದ್ರ ಕೆಟ್ಟಗಾಳಿ ಐತಿ ಅಂತ ಲೆಕ್ಕ.”

“ಹಂಗಾರ ನಾನೂ ಮೊದಲ ದೀಪ ಇಳಸ್ತೀನಿ.”

ಅಜ್ಜ ಪ್ರಾಮಾಣಿಕರು. ಹೌದೆಂದು ತಲೆದೂಗಿ ಕೂತರು. ಆದರೆ ಇನ್ನೊಂದು ತೊಡಕು ಉಳಿದಿತ್ತು. ಕಣಜ ನಿಂತು ಎದ್ದರೆ ಶಕೆ ಸೊನ್ನೆಗೆ ಬರುತ್ತದೆ. ಊರಹಲಗೆಯ ಲೆಕ್ಕದಲ್ಲಿ ಇಪ್ಪತ್ತೆಂಟರಲ್ಲಿ ಹುಟ್ಟಿದ ಅಜ್ಜ ಹುಟ್ಟಲು ಇನ್ನೂ ಇಪ್ಪತ್ತೆಂಟು ವರ್ಷ ಬೇಕು, ಎಂಬತ್ತರಲ್ಲಿ ಹುಟ್ಟಿದ ನನಗೆ ಎಂಬತ್ತು ವರ್ಷ. ಮೊನ್ನೆ ತೊಟ್ಟಿಲಿಗೆ ಹಾಕಿದ ಕೂಸು ತೊಂಬತ್ತೊಂಬತ್ತು ವರ್ಷ ಕಾಯಬೇಕು. ಹುಟ್ಟದವರ ಮದುವೆ ಊರ್ಜಿತವೇ ಎಂದು ಒಬ್ಬರು ಕೇಳಿದರು. ಗಲಾಟೆಯಾಯಿತು. ಬೀಗದವರವ ತನ್ನ ಚೀಲದಿಂದ ಕರಾರುಪತ್ರ ತೆಗೆದ.

ಆಗ ಊರಿಗೆಲ್ಲ ಹಿರಿಯಳಾದ ದ್ಯಾಮವ್ವಾಯಿ ಕೋಲು ಕುಟ್ಟಿದಳು. ಅವಳಿಗೆ ತೊಂಬತ್ತು.

“ನಾ ಹುಟ್ಟಿದ್ದು ಒಂಬತ್ತರಾಗ. ಬಂದ್ ಮಾಡಿದ್ರ ನಾ ಹುಟ್ಟಾಕ ಇನ್ನ ಒಂಬತ್ತು ವರ್ಷ ಐತಿ ಅಂದಂಗಾತು, ಹೌದಲ್ಲೋ? ಹುಟ್ಟದಾಕಿನ್ನ ಸಾವು ಎಲ್ಲಿ ಅಂತ ಹುಡುಕತೈತಿ? ಬಂದ್ ಮಾಡವಾ ನೀಲಾ.”

ಅರುವತ್ತು ದಾಟಿದವರೆಲ್ಲ ಒಟ್ಟಿಗೆ ಕೈ ಎತ್ತಿದರು. ಸ್ವಾತಂತ್ರ್ಯದ ಬಗ್ಗೆ ನಾನು ಮಾಡಿದ ಭಾಷಣಕ್ಕೆ ಒಂದು ಮತವೂ ಬಿದ್ದಂತೆ ಕಾಣಲಿಲ್ಲ. ಪರವಾಗಿಲ್ಲ, ಸ್ವಾತಂತ್ರ್ಯ ಉಳಿಯಿತು. ಆದರೆ ಸಭೆ ಒಂದು ಷರತ್ತು ಹಾಕಿತು. ಒಂದು ಓಣಿಯ ನೀರಿನ ಸರದಿ ತಪ್ಪಿದರೂ ಕಣಜ ಬೀಗದವರಿಗೆ. ಪ್ರತಿನಿಧಿ ಧರ್ಮಶಾಲೆಯಲ್ಲಿ ಹಾಸಿಗೆ ಬಿಚ್ಚಿ ಕಾಯುತ್ತ ಕುಳಿತ.

ನನ್ನ ದೀಪ ಗಿರಣಿಯ ಹಳೆಯ ಯಂತ್ರ. ಆರ್‌ಸಿಂಕ್ ಎಂಬ ಸಲಕರಣೆಯಿಂದ ಕಣಜದ ನೆನಪನ್ನೆಲ್ಲ ಕುಂಕುಮದ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯಿಂದ ಗಿರಣಿಯ ಯಂತ್ರಕ್ಕೆ ಇಳಿಸಿ, ಅಲ್ಲಿ ಊರು ಸರಿಯಾಗಿ ಎದ್ದಿತೇ ಎಂದು ನೋಡಿದೆ. ದೀಪ ಆರಿತು. ಕಡತಗಳೆಲ್ಲ ಬಂದಿದ್ದವು, ಆದರೆ ಯಾವುದು ಯಾರದು ಎಂಬ ಗುರುತು ಬಂದಿರಲಿಲ್ಲ. ಊರಿನ ಅಷ್ಟೂ ನೀರು ಬೇರಪ್ಪನ ಹೆಸರಿಗಾಗಿತ್ತು. ಒಡೆತನ ಮತ್ತು ಅನುಮತಿಗಳ ಸಮೇತ ನಕಲಿಸು ಎಂದು ಹೇಳುವ ಒಂದೇ ಒಂದು ಅಕ್ಷರವನ್ನು ಆಜ್ಞೆಯಲ್ಲಿ ಬಿಟ್ಟಿದ್ದೆ. ಇದಕ್ಕೇ ನಾನು ಹೇಳುವುದು: ಮರಳಿಸಿ ನೋಡದ ನಕಲು ನಕಲಲ್ಲ, ಹರಕೆ. ಎರಡನೆಯ ಸಲ ಪ್ರತಿ ಓಣಿಯೂ ತನ್ನ ಸರದಿಯೊಡನೆ ಎದ್ದು ನಿಂತಿತು. ಇನ್ನೊಂದು ನಕಲನ್ನು ಗುಡ್ಡದಾಚೆಯ ಊರಿಗೆ ಹಾಲಿನ ಗಾಡಿಯಲ್ಲಿ ಕಳಿಸಿದೆ. ಮೂರು ಕಡೆ ಇರಬೇಕು, ಒಂದಾದರೂ ಊರ ಹೊರಗಿರಬೇಕು. ಆಜ್ಞೆಗಳ ಕಡತಗಳನ್ನೆಲ್ಲ ಗಿಟ್‌ಗೆ ಹಾಕಿದೆ, ಯಾರು ಯಾವಾಗ ಏನು ತಿದ್ದಿದರು, ಏಕೆ ತಿದ್ದಿದರು ಎಂಬುದನ್ನು ಅದು ಮರೆಯುವುದಿಲ್ಲ. ಹೆಸರಿಲ್ಲದ ಸಾಲನ್ನು ಬಿಟ್ಟುಹೋಗುವುದು ಇನ್ನು ನಮ್ಮಲ್ಲಿ ಯಾರಿಗೂ ಸಾಧ್ಯವಿಲ್ಲ. ನೀವು ಇದನ್ನು ಓದಿ ಕೆಮ್ಮಿದರೆ ನನಗೆ ಸಂತೋಷ.

ಸೋಮವಾರ ಬೆಳಿಗ್ಗೆ ಊರೆಲ್ಲ ಹಗೇವಿನ ಸುತ್ತ ನೆರೆಯಿತು. ನಿಮ್ಮ ಕುರ್ಚಿ ಎಂದಿನಂತೆ ಹೊರಗೆ ಬಂತು. ಕಣಜ ನಿಲ್ಲಿಸುವ ಆಜ್ಞೆಯನ್ನು ನಾನೇ ಒತ್ತುವುದೆಂದು ತೀರ್ಮಾನವಾಗಿತ್ತು, ಆದರೆ ಅಜ್ಜ ನನ್ನ ಕೈ ಸರಿಸಿ ತಾವೇ ಒತ್ತಿದರು. ತಮ್ಮ ಎತ್ತಿನ ಹಗ್ಗವನ್ನು ತಾವೇ ಬಿಚ್ಚಬೇಕು ಎಂದಷ್ಟೇ ಹೇಳಿದರು. ಗುಂಯ್‌ಗುಡುವ ಸದ್ದು ನಿಂತಿತು. ನಮ್ಮಲ್ಲಿ ಯಾರೂ ಆ ಸದ್ದಿಲ್ಲದ ಊರನ್ನು ಕೇಳಿದವರಲ್ಲ. ನಾಯಿಗಳೂ ಕಿವಿ ನಿಮಿರಿಸಿದವು.

ಹೊಸ ಡಿಸ್ಕು ಕೂರಿಸಿ ಪೆಟ್ಟಿಗೆಯಿಂದ ನೆನಪು ತುಂಬಿ ಗುಂಡಿ ಒತ್ತಿದೆವು. ಕಣಜ ಏಳಲಿಲ್ಲ. ತೆರೆಯ ಮೇಲೆ ಒಂದು ಚುಕ್ಕಿ ಮಾತ್ರ ಮಿನುಗುತ್ತಿತ್ತು. ಜನರ ಹಿಂದೆ ಬೀಗದವರವ ಹಾಸಿಗೆ ಸುತ್ತಿಕೊಂಡು ಬಂದು ನಿಂತಿದ್ದ. ಕಾದೆವು, ಮತ್ತೂ ಕಾದೆವು. ಆಗ ಹಿಂದೆ ಮರ ಕಿರುಗುಟ್ಟಿದ ಸದ್ದು. ತಿರುಗಿದರೆ ಅಡಿವೆಪ್ಪಜ್ಜ ನಿಮ್ಮ ಕುರ್ಚಿಯ ಮೇಲೆ ಕೂತಿದ್ದರು. ತಂಬಿಗೆಯ ನೀರನ್ನೂ ಎತ್ತಿ ಕುಡಿಯುತ್ತಿದ್ದರು.

“ಅಂವಾ ಬರೂದಿಲ್ಲ ಬಿಡ್ರಿ,” ಎಂದರು ಅಜ್ಜ. “ಬಂದ್ರ ಎದ್ದು ಕೊಡ್ತೀನಿ.”

ಅಷ್ಟರಲ್ಲಿ ಕಣಜ ಗುಂಯ್‌ಗುಟ್ಟಿತು. ಇಷ್ಟು ಕಾಲದ ಮೇಲೆ ಎದ್ದ ಅದು ತನ್ನ ಮೈಯನ್ನು ತಾನೇ ತಡವಿ ನೋಡಿಕೊಳ್ಳುತ್ತಿತ್ತಷ್ಟೇ, ಅವಸರ ನಮ್ಮದು. ಮೊದಲು ಕುಂಬಾರ ಓಣಿಯ ನಲ್ಲಿ ಕೆಮ್ಮಿತು, ಆಮೇಲೆ ನೀರು ಬಂತು. ಸರದಿಯ ಪ್ರಕಾರ ಅದು ಅವರದೇ ಹೊತ್ತು. ಬೀಗದವರವ ಗಾಡಿ ಹತ್ತಿದ. ಕೆಂಪು ರುಮಾಲನ್ನು ಅಜ್ಜನಿಗೆ ಅಲ್ಲೇ ಸುತ್ತಿದರು, ನೂರನ್ನು ನೋಡಿದ್ದಕ್ಕಲ್ಲ, ಸೊನ್ನೆಯನ್ನು ನೋಡಿದ್ದಕ್ಕೆ.

ಊರಹಲಗೆಯ ವಯಸ್ಸಿನ ಲೆಕ್ಕ ಮಾತ್ರ ಹಾಗೇ ಇದೆ, ನಾವಿನ್ನೂ ಹುಟ್ಟಿಲ್ಲ ಎನ್ನುತ್ತಿದೆ. ಅದನ್ನು ತಿದ್ದುವುದು ಸಣ್ಣ ಕೆಲಸ. ನಿನ್ನೆ ತಿದ್ದಲು ಕೂತೆ. ದ್ಯಾಮವ್ವಾಯಿ ಬಂದು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಹೋದಳು. ‘ಸದ್ಯಕ್ಕೆ ಹೀಗಿರಲಿ’ ಎಂದು ಕೈ ತಾನಾಗಿ ಬರೆಯಿತು. ಅಳಿಸಿದೆ. ಅದರ ಬದಲು ಹೀಗೆ ಬರೆದೆ: ‘ಇದು ತಪ್ಪು ಎಂದು ಗೊತ್ತಿದೆ. ಆಯಿ ಇರುವ ತನಕ ಮುಟ್ಟಬೇಡಿ. ಆಮೇಲೆ ನಾನೇ ತಿದ್ದುತ್ತೇನೆ, ನಾನಿಲ್ಲದಿದ್ದರೆ ಕೆಳಗೆ ಬರೆದಂತೆ ತಿದ್ದಿ. ನೀಲವ್ವ ಹಗೇದಕಟ್ಟಿ.’ ಕೆಳಗೆ ತಿದ್ದುವ ಬಗೆಯನ್ನು ಪೂರ್ತಿ ಬರೆದಿದ್ದೇನೆ. ನಿಮ್ಮ ಸಾಲಿಗೂ ನನ್ನ ಸಾಲಿಗೂ ಇರುವ ವ್ಯತ್ಯಾಸ ಇಷ್ಟೇ, ಹಿರಿಯರೇ. ನಾನು ಕೇಳುತ್ತಿರುವುದೂ ಇಷ್ಟೇ.

ಈಗ ಕೊನೆಯ ಮಾತು. ಇದು ನಿಮ್ಮ ಕೈಸೇರಿದ ದಿನ ಬಹುಶಃ ಶುಕ್ರವಾರ ಸಂಜೆ ಇರಬೇಕು. ನೀವು ಆ ಸಾಲನ್ನು ಈಗಷ್ಟೇ ಬರೆದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೀರಿ. ಚಪ್ಪಲಿ ಬಿಡಿ. ಮತ್ತೆ ಕೂರಿ. ನಕಲನ್ನು ಹೊರಗಿನ ಪೆಟ್ಟಿಗೆಗೆ ತಿರುಗಿಸಿ. ಒಂದೇ ಒಂದು ಕಡತವನ್ನಾದರೂ ಅದರಿಂದ ಮರಳಿ ತೆಗೆದು, ತೆರೆದು, ಓದಿ ನೋಡಿ. ಹೆಸರು ಬರೆಯಿರಿ. ಆಮೇಲೆ ಮನೆಗೆ ಹೋಗಿ, ಊಟ ತಣ್ಣಗಾಗಿದ್ದರೆ ನನ್ನನ್ನು ಬೈಯಿರಿ.

ನೀವು ಹಾಗೆ ಮಾಡಿದರೆ ನಮ್ಮ ಕಮಾನಿನ ಮೇಲೆ ಕೆತ್ತಲು ಏನೂ ಇರುವುದಿಲ್ಲ. ಕುರ್ಚಿ ಇರುವುದಿಲ್ಲ, ಅಜ್ಜನ ರುಮಾಲು ಇರುವುದಿಲ್ಲ, ಆಯಿಗೆ ಸಾವನ್ನು ದಾರಿ ತಪ್ಪಿಸುವ ಉಪಾಯವೂ ಇರುವುದಿಲ್ಲ. ಈ ಪತ್ರ ಬರೆಯುವ ಸಿಟ್ಟು ನನಗೆ ಬರುವುದೇ ಇಲ್ಲ. ಇದನ್ನೆಲ್ಲ ಯೋಚಿಸಿಯೇ ಬರೆದಿದ್ದೇನೆ. ನೀವು ಸಂಕೋಚಪಡಬೇಡಿ. ನಾನು ಹೇಗೂ ಇನ್ನೂ ಹುಟ್ಟಿಲ್ಲ.

ನಿಮ್ಮ ಸೋಮವಾರದ ಕೆಲಸ ಮುಗಿಸಿಕೊಟ್ಟವಳು,
ನೀಲವ್ವ ಹಗೇದಕಟ್ಟಿ