ಅತ್ತೆಯ ಗರಗಸ, ಕೋಣೆಯ ಚಿಲಕ

ಪ್ರೀತಿಯ ಅತ್ತೆ,

ಅಲ್ಲಿ ನಿಮಗೆ ಮಂಡಿನೋವು ಇಲ್ಲವೆಂದು ನಂಬಿಕೊಂಡಿದ್ದೇನೆ. ಇಲ್ಲಿ ಮಧ್ಯಾಹ್ನ. ನಿಮ್ಮ ಮೊಮ್ಮಗ ಊಟ ಮಾಡಿ ಮಲಗಿದ್ದಾನೆ. ನಾನೂ ಮಲಗಬೇಕು. ಆದರೆ ನನ್ನ ವಿಷಯ ನಿಮಗೆ ಗೊತ್ತಲ್ಲ? ಅವನು ಎದ್ದಿದ್ದರೆ ಬಿದ್ದಾನು ಎಂದು, ಮಲಗಿದ್ದರೆ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು... ನಿದ್ದೆಗೆ ಜಾಗವೆಲ್ಲಿ? ಅದಕ್ಕೇ ಬರೆಯಲು ಕೂತೆ. ನೀವು ಹೋದ ಮೇಲೆ ಈ ಮನೆಯಲ್ಲಿ ನಡೆದ ದೊಡ್ಡ ಸುದ್ದಿ ಎಂದರೆ ನಿಮ್ಮ ಬ್ಯಾಟರಿ ಗರಗಸದ್ದೇ.

ನೀವು ಅದನ್ನು ಕಡೂರಿನಿಂದ ತಂದ ದಿನ ನೆನಪಾಗುತ್ತದೆ. ಬಸ್ಸಿನಿಂದ ಇಳಿದು, ಡಬ್ಬವನ್ನು ಕೂಸಿನ ಹಾಗೆ ಎದೆಗೊತ್ತಿಕೊಂಡು ಬಂದಿರಿ. ಬೇಲಿಯ ಜಾಲಿ ಕಡಿಯಲು ಇನ್ನು ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ ಎಂದಿರಿ. ಮಾವ ಡಬ್ಬದ ಸುತ್ತ ಒಂದು ಸುತ್ತು ಬಂದು ನನಗೆ ಹೇಳಿದರು: "ಸೀರೆ ತತ್ತೀನಿ ಅಂತ ಹೋದವ್ಳು ಗರಗಸ ತಂದವ್ಳೆ ಕಣಮ್ಮ. ಇನ್ಮೇಲೆ ನಾನು ಮಾತು ನೋಡ್ಕೊಂಡು ಆಡ್ಬೇಕು."

ಮೊದಲನೇ ಸಲ ಜಾಲಿ ಕೊಯ್ದಾಗ ಕೊಂಬೆಯೇನೋ ನೀಟಾಗಿ ಬಿತ್ತು, ಅದರ ಹಿಂದೆ ಇದ್ದ ಡ್ರಿಪ್ ಪೈಪೂ ಬಿತ್ತು. ನೀರು ಚಿಮ್ಮಿ ನೀವು ನೆನೆದು ನಿಂತಿದ್ದಿರಿ, ನಗುತ್ತಾ. ಆವತ್ತು ಬ್ಲೇಡುಗಳನ್ನೆಲ್ಲ ಜಗಲಿಯ ಮೇಲೆ ಹರಡಿಕೊಂಡು ನನಗೆ ಪಾಠ ಮಾಡಿದಿರಿ. ಹಸಿ ಮರಕ್ಕೆ ದೊಡ್ಡ ಹಲ್ಲಿನದು, ಬೇಗ ತಿನ್ನುತ್ತದೆ. ಕಬ್ಬಿಣಕ್ಕೆ ಸಣ್ಣ ಹಲ್ಲಿನದು, ಅದೂ ನಿಧಾನವಾಗಿ ಓಡಿಸಬೇಕು, ಇಲ್ಲದಿದ್ದರೆ ಬ್ಲೇಡು ಕಾದು ಹಲ್ಲು ಸವೆಯುತ್ತದೆ. ಮೊಳೆ ಇರುವ ಹಳೇ ಮರಕ್ಕೆ ಬೇರೆಯದೇ. ಕೊನೆಗೆ ಹೇಳಿದಿರಿ: "ಹಲ್ಲು ಆಮೇಲೆ ನೋಡೇ. ಮೊದ್ಲು ಬ್ಲೇಡು ಆ ಕಡೆ ಎಷ್ಟು ಆಚೆ ಬತ್ತದೆ, ಅಲ್ಲಿ ಏನೈತೆ ಅಂತ ನೋಡು."

ನಾನು ಕೇಳಿಸಿಕೊಂಡೆ, ಮುಟ್ಟಲಿಲ್ಲ. ನೀವು ಗರಗಸ ಹಿಡಿದಾಗಲೆಲ್ಲ ಮಗುವನ್ನೆತ್ತಿಕೊಂಡು ತೆಂಗಿನಮರದ ಆಚೆ ನಿಲ್ಲುತ್ತಿದ್ದೆ. "ಅಷ್ಟು ದೂರ ಯಾಕ್ ನಿಂತಿದ್ದೀಯೇ, ಅಜ್ಜಂಪುರಕ್ಕೇ ಹೋಗ್ಬಿಡು, ನಿಮ್ಮಪ್ಪನ ಮನೆಗೆ," ಎಂದು ರೇಗಿಸುತ್ತಿದ್ದಿರಿ. ಕೆಲಸ ಮುಗಿದ ಮೇಲೆ ಮೊದಲು ಬ್ಯಾಟರಿ ಕಳಚುತ್ತಿದ್ದಿರಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬ್ಲೇಡು ಕೂರುವ ಬಾಯಿಯ ಹೊಟ್ಟು ತೆಗೆಯುತ್ತಿದ್ದಿರಿ, ಬ್ಯಾಟರಿಯನ್ನು ಬಿಸಿಲು ಬೀಳದ ಕಡೆ ಇಡುತ್ತಿದ್ದಿರಿ. ಆ ಬಾಯಿಗೆ ಮಾತ್ರ ಎಣ್ಣೆ ಹಾಕಬಾರದು, ಹೊಟ್ಟೆಲ್ಲ ಅಂಟಿ ಮುದ್ದೆಯಾಗುತ್ತದೆ ಎನ್ನುತ್ತಿದ್ದಿರಿ. ಇದನ್ನು ನನಗೆ ಹೇಳಿದಿರಿ. ಮಾವನಿಗೆ ಹೇಳಲಿಲ್ಲ ನೋಡಿ...

ಈ ಸಲದ ಆಯುಧಪೂಜೆಯಲ್ಲಿ ಮಾವ ನಿಮ್ಮ ಗರಗಸವನ್ನು ತಾವೇ ಇಳಿಸಿದರು. ವಿಭೂತಿ ಬಳಿದರು, ಹೂ ಇಟ್ಟರು, ಆಮೇಲೆ ಮೊಮ್ಮಗನ ತಲೆಗೆ ಹಚ್ಚುವ ಹಾಗೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದರು. ಕಣ್ಣು ತುಂಬಿಕೊಂಡಿತ್ತು. ಆ ಹೊತ್ತಿನಲ್ಲಿ ಬೇಡ ಎನ್ನಲು ನನಗೆ ಬಾಯಿ ಬರುತ್ತದೆಯೇ?

ಹೋದ ವಾರ, ಒಂದು ಬೆಳಿಗ್ಗೆ. ಮಾಗಿಯ ಚಳಿ. ನೀವು ಹೋದಾಗಿನಿಂದ ನಿಮ್ಮ ಕೋಣೆಯಲ್ಲಿ ಒಂದು ಸಾಮಾನನ್ನೂ ಕದಲಿಸಲು ಮಾವ ಬಿಟ್ಟಿರಲಿಲ್ಲ. ತಾವು ಪಡಸಾಲೆಯಲ್ಲಿ ಮಲಗುತ್ತಿದ್ದರು. ನಾನು ಹಾಲು ಇಳಿಸಿ ಬರುವಷ್ಟರಲ್ಲಿ ಮಗ ಆ ಕೋಣೆಗೆ ನುಗ್ಗಿ, ಜೋಡಿ ಬಾಗಿಲು ಮುಚ್ಚಿ, ಎರಡಕ್ಕೂ ಅಡ್ಡ ಬರುವ ಕೆಳಗಿನ ಚಿಲಕ ಎಳೆದುಕೊಂಡಿದ್ದ. ಹಾಕಲು ಬಂತು, ತೆಗೆಯಲು ಬರಲಿಲ್ಲ. ಹಿತ್ತಿಲಿಗೆ ಓಡಿ ಕಿಟಕಿಯಲ್ಲಿ ನೋಡಿದರೆ ಕೈಯಲ್ಲಿ ನಿಮ್ಮ ಮಾತ್ರೆಗಳು. ಬಿಪಿಯದು, ಸಕ್ಕರೆ ಕಾಯಿಲೆಯದು, ಎಲ್ಲ ಗೂಡಿನಲ್ಲಿ ನೀವಿಟ್ಟ ಹಾಗೇ ಇದ್ದವು. ಪೆಪ್ಪರಮಿಂಟು ಎಂದುಕೊಂಡು ಮಾತ್ರೆಯ ಹಾಳೆ ಕಚ್ಚುತ್ತಿದ್ದ.

ಇವರು ತರೀಕೆರೆಯಲ್ಲಿ ಡ್ಯೂಟಿಯ ಮೇಲಿದ್ದರು. ಪಕ್ಕದ ಮನೆಯವರು ಕೊಡಲಿ ತರಲೇ ಎಂದರು. ಬಾಗಿಲಿನ ಹಿಂದೆ ಮಗು ಬಂದು ನಿಂತರೆ? ಬೇಡವೆಂದೆ. ಮಾವ ಕಿಟಕಿಯ ಸರಳಿಗೆ ಮುಖ ಒತ್ತಿ, ಏನೂ ಆಗದವರ ಹಾಗೆ, "ಏನಪ್ಪಾ ಸಾಹುಕಾರ, ಅಂಗ್ಡಿ ತೆಗ್ದಿದ್ದೀಯಾ? ಮಾತ್ರೆ ಕೊಡು, ಬೆಲ್ಲ ಕೊಡ್ತೀನಿ," ಎಂದರು. ಒಂದು ಹಾಳೆಗೆ ಒಂದು ಚೂರು ಬೆಲ್ಲ. ವ್ಯಾಪಾರ ಶುರುವಾಯಿತು. ಮಾವ ಹಿಂದಕ್ಕೆ ತಿರುಗದೆಯೇ ಅದೇ ದನಿಯಲ್ಲಿ ನನಗೂ ಹೇಳಿದರು: "ನಾನು ಇವನ್ನ ಇಲ್ಲೇ ಹಿಡ್ಕೊಂಡಿರ್ತೀನಿ. ನೀನು ಅವಳ ಗರಗಸ ತಗೋ ತಾಯಿ."

ಗರಗಸ ತೆಗೆದು ನೋಡಿದರೆ ಬ್ಲೇಡು ಸಿಕ್ಕಿಸುವ ಬಳೆ ತಿರುಗಲೇ ಇಲ್ಲ. ಮಾವ ಹಚ್ಚಿದ ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿ ಕೂತಿತ್ತು! ಮಗನ ಹೊಟ್ಟೆಗೆ ಕಾವು ಕೊಡುವ ಬಟ್ಟೆಯನ್ನು ಹೆಂಚಿನ ಮೇಲೆ ಬಿಸಿ ಮಾಡಿ ಬಳೆಗೆ ಸುತ್ತಿ ಹಿಡಿದುಕೊಂಡೆ. ಎಣ್ಣೆ ಕರಗಿತು, ಬಳೆ ತಿರುಗಿತು. ಆಮೇಲೆ ಬ್ಲೇಡು. ಕೈ ತಾನಾಗಿ ಉದ್ದದ್ದಕ್ಕೆ ಹೋಯಿತು. ಆ ಕಡೆ ಏನೈತೆ? ಆ ಕಡೆ ನನ್ನ ಮಗ ಇದ್ದಾನೆ. ಇರುವುದರಲ್ಲೇ ಗಿಡ್ಡದು, ಸಣ್ಣ ಹಲ್ಲಿನದು ಹುಡುಕಿ ಹಾಕಿದೆ. ಎರಡು ಬಾಗಿಲ ನಡುವಿನ ಸಂದಿಯಲ್ಲಿ ತೂರಿಸಿ, ಗರಗಸದ ಮುಂದಿನ ಕಬ್ಬಿಣದ ಪಟ್ಟಿಯನ್ನು ಬಾಗಿಲಿಗೆ ಆನಿಸಿ ಹಿಡಿದು, ಗುಂಡಿಯನ್ನು ನಿಧಾನವಾಗಿ ಒತ್ತಿದೆ.

ಸದ್ದು ಕೇಳಿದ್ದೇ ಮಗ "ಅಮ್ಮಾ" ಎಂದ. ನಿಲ್ಲಿಸಿಬಿಟ್ಟೆ. ಸದ್ದಿಗೆ ಹೆದರಿದರೆ ಅವನು ಓಡಿಬರುವುದು ಎಲ್ಲಿಗೆ, ನನ್ನ ಹತ್ತಿರಕ್ಕೆ ತಾನೇ? ಕಿಟಕಿಯ ಕಡೆಯಿಂದ ಮಾವನ ದನಿ ಬಂತು: "ಅದು ನಿಮ್ಮಜ್ಜಿ ಗರಗಸ ಕಣೋ. ಅಜ್ಜಿ ಹಂಗೇ, ಬಾಯಿ ಜಾಸ್ತಿ. ನೀನು ವ್ಯಾಪಾರ ನೋಡು." ಮಗ ಕಿಲಕಿಲ ನಕ್ಕ. ಆ ನಗು ಕಿಟಕಿಯ ಹತ್ತಿರವೇ ಇದೆ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಒತ್ತಿದೆ. ಅವನು ನಗುತ್ತಿದ್ದಷ್ಟು ಹೊತ್ತೂ ಕೊಯ್ದೆ. ಚಿಲಕ ಎರಡು ತುಂಡಾಗಿ ನೆಲಕ್ಕೆ ಬಿತ್ತು, ಬಾಗಿಲು ತೆರೆದುಕೊಂಡಿತು. ಮಗನ ಬಾಯಿಗೆ ಬೆರಳು ಹಾಕಿ ನೋಡಿದೆ, ಬೆಲ್ಲ ಬಿಟ್ಟರೆ ಬೇರೇನಿಲ್ಲ. ನನ್ನ ಬೆರಳನ್ನೇ ಕಚ್ಚಿದ. ಮಾವ ಕಿಟಕಿಯಾಚೆ ಪಂಚೆಯ ಮಡಿಲಲ್ಲಿ ಮಾತ್ರೆ ತುಂಬಿಕೊಂಡು ಹಾಳೆ ಹಾಳೆಯನ್ನೂ ತಿರುವಿ ನೋಡುತ್ತಿದ್ದರು. "ಒಂದೂ ಒಡ್ದಿಲ್ಲ ಕಣಮ್ಮ," ಎಂದವರು ಅಲ್ಲೇ ಕುಸಿದು ಕೂತರು.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಆವತ್ತು ಸಂಜೆ ಮಾವ ನಿಮ್ಮ ಕೋಣೆಯನ್ನು ತಾವೇ ಗುಡಿಸಿದರು. ನಿಮ್ಮ ಸೀರೆಗಳನ್ನು ನನ್ನ ಬೀರುವಿನಲ್ಲಿ ತಂದಿಟ್ಟರು. ತಮ್ಮ ಹಾಸಿಗೆಯನ್ನು ಅಲ್ಲೇ ಹಾಕಿಕೊಂಡಿದ್ದಾರೆ. ಮೊಮ್ಮಗ ದಿನಾ ಹೋಗಿ ಅವರ ಹೊಟ್ಟೆಯ ಮೇಲೆ ಕೂರುತ್ತಾನೆ. ಹೊಸ ಚಿಲಕ ಹಾಕಿಸಲೇ ಎಂದು ಕೇಳಿದೆ. "ಬ್ಯಾಡ ಬಿಡು, ತೆರ್ಕೊಂಡೇ ಇರ್ಲಿ," ಎಂದರು.

ಬೇಲಿಯ ಜಾಲಿ ಮತ್ತೆ ದಾರಿಗೆ ಬಂದಿದೆ, ಅತ್ತೆ. ಈ ಭಾನುವಾರ ನಾನೇ ಕೊಯ್ಯುತ್ತೇನೆ. ಮಾವ ಪಕ್ಕದಲ್ಲೇ ನಿಂತು ಕೊಂಬೆ ಹಿಡಿದುಕೊಳ್ಳುತ್ತಾರಂತೆ. ಯಾವ ಕಡೆ ನಿಲ್ಲಬೇಕು ಅಂತ ನಾನು ಹೇಳುತ್ತೇನೆ, ಚಿಂತೆ ಮಾಡಬೇಡಿ.

ನಿಮ್ಮ ಸೊಸೆ